ಮಗ್ಗುಲು ಬದಲಿಸುವ ಹೊತ್ತು

ರಾತ್ರಿ ಎರಡು, ಎರಡೂವರೆ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎಡ ಮಗ್ಗುಲಲ್ಲಿ ಮಲಗಿದ್ದರೆ ಸೊಂಟದ ಕೆಳಗೆ, ತೊಡೆ ಶುರುವಾಗುವ ಹೊರಬದಿ ಕೆಂಡ ತಾಗಿಸಿದ ಹಾಗೆ ಉರಿಯುತ್ತಿತ್ತು. ಬಲಕ್ಕೆ ಹೊರಳೋಣವೆಂದರೆ, ಮೇಲಿದ್ದ ಎಡಗಾಲು ಮುಂದಕ್ಕೆ ಜಾರಿ ಹಾಸಿಗೆ ಮುಟ್ಟುವಷ್ಟರಲ್ಲಿ ಅದೇ ಜಾಗದಲ್ಲಿ ಸೆಳೆತ. ಎದ್ದು ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ, ಒಂದು ಲೋಟ ಬಿಸಿನೀರು ಕುಡಿದು ಅಲ್ಲೇ ನಿಂತಿರುತ್ತಿದ್ದೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ನಾನು ಸಾಗರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು. ವಯಸ್ಸು 53. ಈ ನೋವಿನ ದೊಡ್ಡ ಸಂಕಟವೆಂದರೆ ಹೊರಗೆ ಏನೂ ಕಾಣುವುದಿಲ್ಲ. ಊತವಿಲ್ಲ, ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿದೆ. ಹಗಲೆಲ್ಲ ಕ್ಲಾಸಿನಿಂದ ಕ್ಲಾಸಿಗೆ ಓಡಾಡುವವಳಿಗೆ ರಾತ್ರಿ ಅದೆಂಥ ನೋವು ಎಂದು ಮನೆಯವರಿಗೆ ಅನಿಸಿದ್ದರೆ ತಪ್ಪಲ್ಲ. ಅತ್ತೆ, “ವಾಯು ಕಣೇ, ಆಲೂಗಡ್ಡೆ ಬಿಡು” ಅಂದರು. ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಟ್ಟವರೂ ಅವರೇ. ಆ ಬಿಸಿಗೆ ಅರ್ಧ ಗಂಟೆ ಹಾಯೆನಿಸುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಸಯಾಟಿಕಾ ಅಂದರು, ಇನ್ನೊಬ್ಬರು ಸೊಂಟದ ಬೆಲ್ಟ್ ತಂದುಕೊಟ್ಟರು. ಮೊಬೈಲಿನಲ್ಲಿ ನೋಡಿ, ಅಂಗಾತ ಮಲಗಿ ಮೊಣಕಾಲನ್ನು ಎದೆಯ ಆಚೆ ಬದಿಗೆ ಎಳೆದುಕೊಳ್ಳುವ ವ್ಯಾಯಾಮ ಮಾಡಿದೆ. ನೋವು ಹೆಚ್ಚಾಯಿತು. ವೈದ್ಯರೊಬ್ಬರು ನೋವಿರುವ ಜಾಗಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಐದು ವಾರ ಗಡದ್ದಾಗಿ ನಿದ್ದೆ ಬಂತು. ಆರನೇ ವಾರ ನೋವು ವಾಪಸ್ ಬಂತು. ಇಂಜೆಕ್ಷನ್ ಆದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂದು ಆ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ.

ಕೊನೆಗೆ ಮಗಳು ಹಟ ಹಿಡಿದು ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದುಕೊಂಡು ಹೋದಳು. ಮೂವತ್ತರ ಆಸುಪಾಸಿನ ಹುಡುಗಿ. ಫೈಲು ತೆಗೆಯುವ ಮೊದಲೇ, “ಮೇಡಂ, ಕ್ಲಾಸಿನಲ್ಲಿ ಹೇಗೆ ನಿಂತು ಪಾಠ ಮಾಡ್ತೀರಿ, ಒಂದ್ಸಲ ನಿಂತು ತೋರಿಸಿ” ಅಂದಳು. ಕೈಯಲ್ಲಿ ಪುಸ್ತಕ ಹಿಡಿದವಳಂತೆ ನಿಂತೆ. ನನಗೇ ಗೊತ್ತಿಲ್ಲದೆ ಭಾರವೆಲ್ಲ ಎಡಗಾಲಿಗೆ ಬಿದ್ದು, ಸೊಂಟ ಎಡಕ್ಕೆ ವಾಲಿತ್ತು. “ಎಷ್ಟು ವರ್ಷದಿಂದ ಹೀಗೆ?” ಎಂದಳು. ಇಪ್ಪತ್ತೇಳು ವರ್ಷದಿಂದ, ದಿನಕ್ಕೆ ಐದು ಪೀರಿಯಡ್.

ಆಮೇಲೆ ಗೋಡೆಯ ಪಕ್ಕ ನಿಲ್ಲಿಸಿ, ಒಂದು ಬೆರಳು ಮಾತ್ರ ಗೋಡೆಗೆ ತಾಗಿಸಿಕೊಂಡು ಎಡಗಾಲೊಂದರ ಮೇಲೆ ಮೂವತ್ತು ಸೆಕೆಂಡ್ ನಿಲ್ಲಲು ಹೇಳಿದಳು. ಹತ್ತಕ್ಕೆಲ್ಲ ಅದೇ ಉರಿ ಎದ್ದಿತು. ಕೈ ಇಳಿಬಿಟ್ಟು ನಿಂತರೆ ಮಣಿಕಟ್ಟಿನ ನೇರಕ್ಕೆ ತೊಡೆಯ ಪಕ್ಕದಲ್ಲೊಂದು ಗಟ್ಟಿ ಮೂಳೆ ಸಿಗುತ್ತದಲ್ಲ, ಅದನ್ನು ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು. “ಇದೇ ಜಾಗ” ಎಂದೆ. ಒಂದೂವರೆ ವರ್ಷದಲ್ಲಿ ನೋವಿನ ಜಾಗಕ್ಕೆ ಬೆರಳಿಟ್ಟು ತೋರಿಸಿದವರು ಅವಳೇ ಮೊದಲು.

ಆ ಮೂಳೆ ತೊಡೆಮೂಳೆಯ ಮೇಲಿನ ಉಬ್ಬು. ಪಿರ್ರೆಯ ಎರಡು ಸ್ನಾಯುಗಳು ಬಂದು ಅಲ್ಲಿ ಕಟ್ಟಿಕೊಳ್ಳುತ್ತವೆ. ಅವನ್ನು ಮೂಳೆಗೆ ಬಿಗಿಯುವ ಹುರಿಯಂಥ ಭಾಗವೇ ಸ್ನಾಯುರಜ್ಜು, ಡಾಕ್ಟರ ಮಾತಿನಲ್ಲಿ ಟೆಂಡನ್. ನಾವು ಒಂದೊಂದು ಹೆಜ್ಜೆ ಇಟ್ಟಾಗಲೂ ಕ್ಷಣಕಾಲ ಒಂದೇ ಕಾಲಿನ ಮೇಲೆ ಇರುತ್ತೇವೆ. ಆಗ ಸೊಂಟ ಆಚೆ ಬದಿಗೆ ಕುಸಿಯದಂತೆ ಎಳೆದು ಹಿಡಿಯುವುದು ಈ ಸ್ನಾಯುಗಳ ಕೆಲಸ. ಕಾಲು ದೇಹದ ನಡುಗೆರೆ ದಾಟಿ ಒಳಕ್ಕೆ ಬಂದರೆ, ತೊಡೆಯ ಹೊರಬದಿಯಲ್ಲಿ ಹಾದುಹೋಗುವ ದಪ್ಪ ಪಟ್ಟಿ ಬಿಗಿಯಾಗಿ ಈ ರಜ್ಜುವನ್ನು ಮೂಳೆಗೆ ಅದುಮುತ್ತದೆ. ವರ್ಷಗಟ್ಟಲೆ ಅದುಮಿಸಿಕೊಂಡ ರಜ್ಜು ದಪ್ಪವಾಗಿ, ಎಳೆಗಳು ಸಡಿಲವಾಗಿ, ಭಾರ ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಇದೇ ಗ್ಲೂಟಿಯಲ್ ಟೆಂಡಿನೋಪತಿ. ಹಿಂದೆ ಅಲ್ಲಿರುವ ನೀರಿನ ಚೀಲ ಊದಿಕೊಂಡಿದೆ ಎಂದುಕೊಂಡು ಬರ್ಸೈಟಿಸ್ ಅನ್ನುತ್ತಿದ್ದರು. ಸ್ಕ್ಯಾನಿಂಗ್ ಬಂದ ಮೇಲೆ, ಬಹುಪಾಲು ಜನರಲ್ಲಿ ಮೂಲ ರಜ್ಜುವಿನಲ್ಲೇ ಇದೆ ಎಂದು ತಿಳಿಯಿತು. ನಲವತ್ತು ದಾಟಿದ ಹೆಂಗಸರಿಗೆ, ಅದರಲ್ಲೂ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ, ಇದು ಗಂಡಸರಿಗಿಂತ ಹೆಚ್ಚು.

ಇದನ್ನೆಲ್ಲ ಕೇಳುತ್ತ ನನ್ನ ಇಡೀ ದಿನ ಕಣ್ಣ ಮುಂದೆ ಬಂತು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಉತ್ತರ ಪತ್ರಿಕೆ ತಿದ್ದುವುದು. ನೆಲದ ಮೇಲೆ ಎರಡೂ ಕಾಲನ್ನು ಒಂದೇ ಬದಿಗೆ ಮಡಚಿ ತರಕಾರಿ ಹೆಚ್ಚುವುದು. ಸ್ಕೂಟರಿನ ಹಿಂದೆ ಒಂದು ಮಗ್ಗುಲಾಗಿ ಕೂರುವುದು. ಚಿಕ್ಕವಳಿದ್ದಾಗ ಬಾವಿಯಿಂದ ಕೊಡವನ್ನು ಸೊಂಟದ ಮೇಲಿಟ್ಟು ತಂದದ್ದು, ಆಮೇಲೆ ಅದೇ ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡದ್ದು. ನಮ್ಮ ಹೆಂಗಸರು ಗೌರವದ ಭಂಗಿ ಎಂದು ಕಲಿತ ಎಷ್ಟೋ ಭಂಗಿಗಳಲ್ಲಿ ಸೊಂಟ ಒಂದು ಬದಿಗೆ ವಾಲುತ್ತದೆ. ಇದನ್ನು ನಮಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಮೊದಲ ವಾರ ಅವಳು ವ್ಯಾಯಾಮಕ್ಕಿಂತ ಹೆಚ್ಚಾಗಿ ಬಿಡಬೇಕಾದ್ದನ್ನೇ ಹೇಳಿದಳು. ಕಾಲ ಮೇಲೆ ಕಾಲು ಬೇಡ. ತಗ್ಗಿನ ಕುರ್ಚಿ, ಮಣೆ ಸದ್ಯಕ್ಕೆ ಬೇಡ. ಎರಡೂ ಕಾಲಿಗೆ ಸಮನಾಗಿ ಭಾರ ಹಾಕಿ ನಿಲ್ಲಬೇಕು. ನೋವಿನ ಬದಿಯನ್ನು ಎಳೆದು ಹಿಗ್ಗಿಸುವುದು ಬೇಡವೇ ಬೇಡ. ರಾತ್ರಿ ನೋವಿಲ್ಲದ ಮಗ್ಗುಲಲ್ಲಿ ಮಲಗಿ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಾಲುಗಳ ನಡುವೆ ದಿಂಬು. ನಾನು ಹಳೆಯ ಕೌದಿಯೊಂದನ್ನು ಉದ್ದಕ್ಕೆ ಸುತ್ತಿ ದಾರ ಕಟ್ಟಿಕೊಂಡೆ. ಮೇಲಿನ ಕಾಲು ಮುಂದಕ್ಕೆ ಜಾರುವುದು ನಿಂತಿತು. ನಾಲ್ಕನೇ ರಾತ್ರಿ ಬೆಳಗಿನ ಜಾವ ಐದರವರೆಗೆ ಒಂದೇ ನಿದ್ದೆ.

ವ್ಯಾಯಾಮ ನೋಡಲು ಏನೂ ಅಲ್ಲ. ಅಂಗಾತ ಮಲಗಿ, ಮೊಣಕಾಲುಗಳ ಸುತ್ತ ಪಟ್ಟಿ ಕಟ್ಟಿ, ಮೆಲ್ಲಗೆ ಹೊರಕ್ಕೆ ಒತ್ತಿ ಹಿಡಿಯುವುದು. ಕೆಲವು ವಾರದ ಮೇಲೆ ಪಿರ್ರೆ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು, ಮೆಟ್ಟಿಲು ಹತ್ತುವುದು. ರಜ್ಜುವಿಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ಅದು ಇನ್ನೂ ಸೊರಗುತ್ತದೆ, ಒಮ್ಮೆಲೇ ಭಾರ ಹೇರಿದರೆ ಕೆರಳುತ್ತದೆ. ಮಾಡಿದ್ದು ಹೆಚ್ಚಾಯಿತೇ ಎಂಬುದನ್ನು ಆ ರಾತ್ರಿಯ ನಿದ್ದೆಯೇ ಹೇಳುತ್ತದೆ.

ನನ್ನೊಬ್ಬಳ ಅನುಭವ ಎಂದು ನೀವು ಅಂದುಕೊಳ್ಳಬಾರದು. ಆಸ್ಟ್ರೇಲಿಯಾದ ಬ್ರಿಸ್ಬೇನ್ ಮತ್ತು ಮೆಲ್ಬೋರ್ನ್‌ನಲ್ಲಿ 35ರಿಂದ 70 ವರ್ಷದ 204 ಜನರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತಿಳಿವಳಿಕೆ ಮತ್ತು ವ್ಯಾಯಾಮ ಸಿಕ್ಕವರಲ್ಲಿ ಎಂಟು ವಾರಕ್ಕೆ ಶೇಕಡ 77 ಮಂದಿ ಚೆನ್ನಾಗಿ ಸುಧಾರಿಸಿದ್ದರು. ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಶೇಕಡ 58, ಕಾದು ನೋಡಿದವರಲ್ಲಿ ಶೇಕಡ 29. ಇಂಜೆಕ್ಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿಲ್ಲುವ, ಕೂರುವ, ಮಲಗುವ ರೀತಿ ಬದಲಾಗದೆ ಅದೊಂದನ್ನೇ ನಂಬಿ ಕೂರುವುದು ಸಾಲದು.

ಪಕ್ಕದ ನೋವೆಲ್ಲ ಇದೇ ಎಂದೂ ಅಲ್ಲ. ತೊಡೆಸಂದಿನಲ್ಲಿ ನೋವಿದ್ದು, ಬಗ್ಗಿ ಚಪ್ಪಲಿ ಪಟ್ಟಿ ಹಾಕಿಕೊಳ್ಳಲು ಕಷ್ಟವಾದರೆ ಕೀಲೇ ಸವೆದಿರಬಹುದು. ಮೊಣಕಾಲು ದಾಟಿ ಪಾದದವರೆಗೆ ಜೋಮು ಇಳಿದರೆ ಬೆನ್ನಿನ ನರ ನೋಡಿಸಬೇಕು. ಬಿದ್ದ ಮೇಲೆ ಶುರುವಾದ ನೋವು, ಜ್ವರ ಅಥವಾ ತೂಕ ಇಳಿಯುವುದರ ಜೊತೆ ಬಂದ ನೋವಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ನನಗೆ ಪೂರ್ತಿ ಹಗುರಾಗಲು ಒಂಬತ್ತು ತಿಂಗಳು ಬೇಕಾಯಿತು. ನಡುವೆ, ಜೋಗದ ಮೆಟ್ಟಿಲು ಇಳಿದು ಹತ್ತಿದ ಮರುದಿನ, ಮತ್ತೆ ಎರಡು ವಾರ ಹಿಂದಕ್ಕೆ ಹೋಯಿತು. ಆ ಹದಿನೈದು ದಿನ ತುಂಬ ಕುಗ್ಗಿದ್ದೆ. ಈಗಲೂ ವಾರಕ್ಕೆ ಮೂರು ದಿನ ವ್ಯಾಯಾಮ ಮಾಡುತ್ತೇನೆ.

ನಿಮ್ಮ ಮನೆಯಲ್ಲಿ ಅಮ್ಮನೋ ಅತ್ತೆಯೋ ಕುರ್ಚಿಯಿಂದ ಎದ್ದವರು ಮೊದಲ ನಾಲ್ಕು ಹೆಜ್ಜೆ ಕುಂಟಿ ಆಮೇಲೆ ಸರಿಹೋಗುತ್ತಿದ್ದರೆ, ರಾತ್ರಿ ಎದ್ದು ಓಡಾಡುತ್ತಿದ್ದರೆ, ಯಾವ ಮಗ್ಗುಲಲ್ಲಿ ನೋವೆಂದು ಕೇಳಿ. ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ, ಇವತ್ತು ರಾತ್ರಿಯೇ, ಅವರ ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಡಿ.