ಫೋನಿನಲ್ಲೂ ಡಬ್ಬಲ್ ರೋಲ್... ಎಚ್ಚರ ಸ್ವಾಮೀ!

'ಶಂಕರ್ ಗುರು' (1978) ಚಿತ್ರದಲ್ಲಿ ಡಾ. ರಾಜ್ ಒಬ್ಬರೇ ಮೂರು ಪಾತ್ರಗಳಲ್ಲಿ ಬಂದಾಗ ನಾವೆಲ್ಲ ಶಿಳ್ಳೆ ಹೊಡೆದು ನೋಡಿದ್ದೇ ನೋಡಿದ್ದು! ಈಗ ಬಂದಿರೋದು ಬೇರೆಯೇ ಥರದ ಡಬ್ಬಲ್ ರೋಲ್. ಇದಕ್ಕೆ ಮೇಕಪ್ ಬೇಡ, ಕ್ಯಾಮೆರಾ ಬೇಡ, ನಿಮ್ಮ ವಾಟ್ಸಾಪ್ ಒಂದಿದ್ದರೆ ಸಾಕು. ಹೀರೋ ನೀವು. ನಿಮ್ಮ ವೇಷ ಹಾಕಿದ ಖಳನಾಯಕ ಎಲ್ಲೋ ದೂರದಲ್ಲಿ!

2025ರ ಸೆಪ್ಟೆಂಬರಿನಲ್ಲಿ ನಮ್ಮ ಉಪೇಂದ್ರ-ಪ್ರಿಯಾಂಕಾ ದಂಪತಿಗೆ ಆದದ್ದು ಇದೇ. ಪ್ರಿಯಾಂಕಾ ಆನ್‌ಲೈನಿನಲ್ಲಿ ಏನೋ ಆರ್ಡರ್ ಮಾಡಿದ್ದರು. ಅದೇ ನೆಪ ಹಿಡಿದು ಕರೆ ಮಾಡಿದವನು 'ಈ ಕೋಡ್ ಒತ್ತಿ ಮೇಡಂ' ಅಂದ. ಒತ್ತಿದರು. ಆಮೇಲೆ ಪರಿಚಯದವರಿಗೆಲ್ಲ ಅವರ ಹೆಸರಿನಲ್ಲೇ 'ಅರ್ಜೆಂಟಾಗಿ ದುಡ್ಡು ಬೇಕು' ಅಂತ ಸಂದೇಶ! ಉಪ್ಪಿ ಮುಚ್ಚಿಡಲಿಲ್ಲ. ಯಾರೂ ದುಡ್ಡು ಹಾಕಬೇಡಿ ಎಂದು ಬಹಿರಂಗವಾಗಿ ಹೇಳಿದರು. ನಾನಂತೂ ಭೇಷ್ ಅಂದೆ. ನಾಚಿಕೊಂಡು ಸುಮ್ಮನಿದ್ದಷ್ಟೂ ಕಳ್ಳನಿಗೇ ಲಾಭ ತಾನೇ?

ಒಂದು ಕೋಡ್ ಒತ್ತಿದರೆ ಇಷ್ಟೆಲ್ಲ ಆಗುತ್ತಾ ಅಂತೀರಾ? ಇಂಥ ಆಟದ ಮರ್ಮ ಕೇಳಿ. *21* ಎಂದು ಶುರುವಾಗಿ, ನಡುವೆ ಒಂದು ಮೊಬೈಲ್ ನಂಬರ್ ಇದ್ದು, # ನಲ್ಲಿ ಮುಗಿಯುವ ಕೋಡ್ ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗಿಬಿಡುತ್ತವೆ. ವಾಟ್ಸಾಪ್ ತನ್ನ 6 ಅಂಕಿಯ ಗುಟ್ಟನ್ನು ಕರೆ ಮಾಡಿಯೂ ಹೇಳುತ್ತದೆ. ಆ ಕರೆ ಹೋಗೋದು ಕಳ್ಳನ ಕಿವಿಗೆ! ಅಲ್ಲಿಗೆ ನಿಮ್ಮ ವಾಟ್ಸಾಪ್ ಅವನ ಪಾಲು.

ಕ್ಲೈಮ್ಯಾಕ್ಸ್ ಇನ್ನೂ ಇದೆ. ಅನುಮಾನ ಬಂದ ಗೆಳೆಯ ನಿಮ್ಮ ನಂಬರಿಗೆ ಫೋನ್ ಮಾಡಿದ ಅನ್ನಿ... ಅದೂ ಅವನಿಗೇ ಹೋಗುತ್ತೆ! ಆದ್ದರಿಂದ ಸ್ನೇಹಿತರ ಹೆಸರಿನಲ್ಲಿ ದುಡ್ಡಿನ ಬೇಡಿಕೆ ಬಂದರೆ, ಅವರ ಮನೆಯ ಇನ್ನೊಬ್ಬರ ನಂಬರಿಗೆ ಕರೆ ಮಾಡಿ ಕೇಳಿ. ಹತ್ತಿರದಲ್ಲೇ ಇದ್ದರೆ ಮನೆಗೇ ಹೋಗಿ. ಕಾಫಿಯೂ ಸಿಗುತ್ತೆ!

ಅಪರಿಚಿತರು ಹೇಳಿದ ಯಾವ ಕೋಡನ್ನೂ ಒತ್ತಬೇಡಿ. ಒತ್ತಿಬಿಟ್ಟಿದ್ದರೆ ತಕ್ಷಣ ##002# ಒತ್ತಿ, ತಿರುಗಿದ ಕರೆಗಳು ವಾಪಸ್ ಬರುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಅಂತಿದೆ. ಅಲ್ಲಿ ನಿಮ್ಮದೇ ಪಿನ್ ಇಡಿ. ಆಗ 6 ಅಂಕಿ ಕದ್ದವನಿಗೂ ಬಾಗಿಲು ಸುಲಭಕ್ಕೆ ತೆರೆಯದು. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಬ್ಯಾಂಕಿನವರು ಆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಡಬ್ಬಲ್ ರೋಲ್ ಬೆಳ್ಳಿತೆರೆಗೇ ಚೆಂದ. ನಿಮ್ಮ ಪಾತ್ರವನ್ನು ಬೇರೆಯವನಿಗೆ ಬಿಟ್ಟುಕೊಡಬೇಡಿ!