ಬೆಳಗಾವಿ, ಖಾನಾಪುರದಲ್ಲಿ ಧರಣಿ ಕೂರುವ ಮುನ್ನ

ಚಳಿಗಾಲದ ಅಧಿವೇಶನ ಶುರುವಾದರೆ ಸುವರ್ಣ ವಿಧಾನಸೌಧದ ಆಸುಪಾಸಿನಲ್ಲಿ ಪ್ರತಿಭಟನೆಯ ಟೆಂಟುಗಳು ಏಳುತ್ತವೆ. ರೈತರು, ನೌಕರರು, ಮೀಸಲಾತಿ ಕೇಳುವ ಸಮುದಾಯಗಳು ಸರದಿಯಂತೆ ಬಂದು ಕೂರುತ್ತವೆ. ಪೊಲೀಸರು ಪರ್ಮಿಶನ್ ಕೊಟ್ಟರಷ್ಟೇ ಮಾತಾಡುವ ಹಕ್ಕು ಹುಟ್ಟುತ್ತದೆ ಎಂದು ಇವರಲ್ಲಿ ಹಲವರು ನಂಬಿದ್ದಾರೆ. ಅದು ಹಾಗಲ್ಲ. ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19(1)(ಬಿ) ವಿಧಿಯಿಂದ ಬಂದದ್ದು. ಸಾರ್ವಜನಿಕ ಸುವ್ಯವಸ್ಥೆಗಾಗಿ, ಇಲ್ಲವೇ ದೇಶದ ಸಾರ್ವಭೌಮತೆ, ಅಖಂಡತೆಗಾಗಿ ಮಾತ್ರ ಅದಕ್ಕೆ ಸಮಂಜಸ ನಿರ್ಬಂಧ ಹಾಕಬಹುದು. ಬೀದಿಯಲ್ಲಿ ನಡೆಯುವ ಸಭೆಯನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಸಾರಾಸಗಟು ಇಲ್ಲವೆನ್ನಲಾಗದು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ ಹೇಳಿದೆ.

ಅರ್ಜಿ ಎಲ್ಲಿ ಕೊಡಬೇಕು? ಬೆಳಗಾವಿ ನಗರ ಮತ್ತು ಸೌಧದ ಸುತ್ತಲಿನ ಪ್ರದೇಶ ಪೊಲೀಸ್ ಕಮಿಷನರೇಟಿಗೆ ಸೇರಿದ್ದು. ಖಾನಾಪುರ ಜಿಲ್ಲಾ ಎಸ್‌ಪಿ ವ್ಯಾಪ್ತಿಯದು. ಅಲ್ಲಿ ಠಾಣೆಗೆ ಕೊಡುವ ಅರ್ಜಿಯ ಪ್ರತಿಯನ್ನು ತಹಶೀಲ್ದಾರರಿಗೂ ಮುಟ್ಟಿಸುವುದು ಒಳ್ಳೆಯದು. ದಿನ, ಹೊತ್ತು, ಮೆರವಣಿಗೆ ಎಲ್ಲಿಂದ ಎಲ್ಲಿಗೆ, ಅಂದಾಜು ಎಷ್ಟು ಜನ, ಮುಂದಾಳುಗಳ ಫೋನ್ ನಂಬರ್ ಇಷ್ಟನ್ನೂ ಬರೆಯಿರಿ. ಧ್ವನಿವರ್ಧಕಕ್ಕೂ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಹಚ್ಚುವಂತಿಲ್ಲ. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಬೀಳಬೇಡಿ. ಅನುಮತಿ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ.

ಜನ ಹೆಚ್ಚು ಹೆದರುವುದು ನಿಷೇಧಾಜ್ಞೆಗೆ. ಎಲ್ಲರ ಬಾಯಲ್ಲೂ ಇನ್ನೂ ‘144’ ಎಂದೇ ಇರುವ ಆ ಆಜ್ಞೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ನಗರದಲ್ಲಿ ಅದನ್ನು ಪೊಲೀಸ್ ಕಮಿಷನರ್ ಹೊರಡಿಸಬಹುದು, ಖಾನಾಪುರದಲ್ಲಿ ಜಿಲ್ಲಾಧಿಕಾರಿಯಂಥ ಕಾರ್ಯನಿರ್ವಾಹಕ ದಂಡಾಧಿಕಾರಿ. ಸಾಮಾನ್ಯವಾಗಿ ಅದರ ಆಯುಷ್ಯ ಎರಡು ತಿಂಗಳು. ಆದರೆ ಅದು ಪ್ರಶ್ನಾತೀತವಲ್ಲ. ಬಾಧಿತರು ಅದನ್ನು ರದ್ದುಮಾಡಿ ಅಥವಾ ಬದಲಿಸಿ ಎಂದು ಅದೇ ಅಧಿಕಾರಿಗೆ ಅರ್ಜಿ ಹಾಕಬಹುದು, ಹಾಕಿದವರ ಅಹವಾಲನ್ನು ಅವರು ಕೇಳಲೇಬೇಕು. ಅಲ್ಲೂ ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠವಿದೆ. ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿನಲ್ಲಿ, 2019ರ ಡಿಸೆಂಬರ್ 18ರಂದು ಬೆಂಗಳೂರಿನ ಪೊಲೀಸ್ ಕಮಿಷನರ್ ಹೊರಡಿಸಿದ್ದ ನಿಷೇಧಾಜ್ಞೆಯನ್ನು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಎಂದಿತು. ಕೆಳಗಿನ ಅಧಿಕಾರಿಗಳ ವರದಿ ಕೈಯಲ್ಲಿದ್ದರೂ ಆಜ್ಞೆ ಹೊರಡಿಸುವವರು ಸ್ವತಃ ವಿಚಾರಿಸಿ ಕಾರಣ ದಾಖಲಿಸಬೇಕಿತ್ತು ಎಂಬುದು ಆ ತೀರ್ಪಿನ ತಿರುಳು. ಆದರೆ ತೀರ್ಪು ಬಂದಾಗ ಪ್ರತಿಭಟನೆಯ ದಿನ ಕಳೆದುಹೋಗಿತ್ತು. ಅದಕ್ಕೇ ಅರ್ಜಿಯನ್ನು ಆದಷ್ಟು ಮುಂಚೆ ಕೊಡಬೇಕೆಂದು ಒತ್ತಿ ಹೇಳುತ್ತಿದ್ದೇನೆ.

ಮಿತಿಗಳೂ ನಿಜವಾದವೇ. ಶಾಹೀನ್‌ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದಿತು. ಸೌಧದ ಮುಂದಿನ ಪುಣೆ-ಬೆಂಗಳೂರು ಹೆದ್ದಾರಿಯಾಗಲಿ, ಖಾನಾಪುರದ ಮೇಲೆ ಗೋವಾಕ್ಕೆ ಹೋಗುವ ಹೆದ್ದಾರಿಯಾಗಲಿ ತಡೆದರೆ ಕೇಸು ಬೀಳುತ್ತದೆ. ರೈಲು ತಡೆದರೆ ರೈಲ್ವೆ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲಾಗಬಹುದು. ಗಡಿನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಭಾಷೆಯ ಹೆಸರಲ್ಲಿ ದ್ವೇಷ ಹುಟ್ಟಿಸುವ ಮಾತು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್‌ನಡಿ ಅಪರಾಧ. ಕನ್ನಡದಲ್ಲಿ ಕೂಗಿದರೂ ಮರಾಠಿಯಲ್ಲಿ ಕೂಗಿದರೂ ಅದು ಒಂದೇ. ಬೇಡಿಕೆ ಸರ್ಕಾರದ ಮುಂದಿಡಿ, ನೆರೆಯವರ ಮೇಲೆ ಹಾಯಬೇಡಿ.

2024ರ ಡಿಸೆಂಬರ್ 10ರಂದು ಪಂಚಮಸಾಲಿ ಮೀಸಲಾತಿ ಹೋರಾಟಗಾರರು ಸೌಧಕ್ಕೆ ಮುತ್ತಿಗೆ ಹಾಕಲು ನುಗ್ಗಿದಾಗ ಲಾಠಿ ಪ್ರಹಾರ ನಡೆಯಿತು. ಇಂಥ ಹೊತ್ತಿನಲ್ಲಿ ಕಾನೂನಿನ ಸಾಮಾನ್ಯ ಕ್ರಮ ಸ್ಪಷ್ಟವಾಗಿದೆ: ಮೊದಲು ಚದುರಿ ಎಂಬ ಆದೇಶ, ಜನ ಕೇಳದಿದ್ದರಷ್ಟೇ ಬಲಪ್ರಯೋಗ. ಆದೇಶ ಕೇಳಿಸಿದ ಕೂಡಲೇ ಹಿಂದೆ ಸರಿಯುವುದು ಹೇಡಿತನವಲ್ಲ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ ಹೆಣ್ಣುಮಕ್ಕಳನ್ನು ಸೂರ್ಯಾಸ್ತದ ನಂತರ ಬಂಧಿಸುವಂತಿಲ್ಲ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಬಂದ ವಕೀಲರಿಗೆ ಒಂದು ಮಾತು ಕೇಳಿ: ನಿಷೇಧಾಜ್ಞೆ ಮೀರಿದ್ದೇ ಆರೋಪವಾದರೆ ಎಫ್‌ಐಆರ್ ಒಂದೇ ಸಾಲದು, ಆಜ್ಞೆ ಹೊರಡಿಸಿದ ಅಧಿಕಾರಿಯೋ ಅವರ ಮೇಲಿನವರೋ ಅವರಿಂದ ಅಧಿಕಾರ ಪಡೆದ ಇನ್ನೊಬ್ಬ ಅಧಿಕಾರಿಯೋ ಕೋರ್ಟಿಗೆ ಲಿಖಿತ ದೂರು ಕೊಟ್ಟಿರಬೇಕು. ಕೊಟ್ಟಿದ್ದಾರೆಯೇ?