ಒಂದೇ ಮೇಲ್ ಸರ್ವರಿನಲ್ಲಿ ಹಲವು ಸಂಸ್ಥೆಗಳು

ಒಂದೇ ಮನೆತನದ ಆಡಳಿತದಲ್ಲಿ ಎರಡು-ಮೂರು ಸಂಸ್ಥೆಗಳಿರುವುದು ವ್ಯಾಪಾರ ವಲಯದಲ್ಲಿ ಸಾಮಾನ್ಯ ಸಂಗತಿ. ತಂದೆಯ ಕಾಲದ ಪಾಲುದಾರಿಕೆ ಸಂಸ್ಥೆ, ಮಗ ಆರಂಭಿಸಿದ ಪ್ರೈವೇಟ್ ಲಿಮಿಟೆಡ್ ಕಂಪನಿ, ಸೊಸೆಯ ಹೆಸರಿನಲ್ಲಿರುವ ಚಿಕ್ಕ ಘಟಕ, ಈ ಮೂರಕ್ಕೂ ಕಚೇರಿ ಒಂದೇ, ಗುಮಾಸ್ತರೂ ಅವರೇ. ಆದರೆ ಪ್ಯಾನ್ ಬೇರೆ, ಜಿ.ಎಸ್.ಟಿ. ನೋಂದಣಿ ಬೇರೆ, ಬ್ಯಾಂಕ್ ಖಾತೆ ಬೇರೆ. ಇಂತಹ ಮನೆತನವು ಪ್ರತಿಯೊಂದು ಸಂಸ್ಥೆಗೂ ಸ್ವಂತ ಡೊಮೇನ್ ಹೆಸರು ಪಡೆದು, ಎಲ್ಲ ಇ-ಮೇಲ್‌ಗಳನ್ನು ಒಂದೇ ಸರ್ವರಿನಲ್ಲಿ ನಿರ್ವಹಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಲೆಕ್ಕದ ಪುಸ್ತಕಗಳಲ್ಲಿ ಪಾಲಿಸುವ ಗಡಿಯನ್ನು ಸರ್ವರಿನಲ್ಲಿ ಮರೆತಾಗ ಮಾತ್ರ ತೊಡಕು ಉಂಟಾಗುತ್ತದೆ. ನಾಲ್ಕಾರು ಇ-ಮೇಲ್ ವಿಳಾಸಗಳಷ್ಟೇ ಸಾಕೆನ್ನುವವರು ಸ್ವಂತ ಸರ್ವರಿನ ಗೊಡವೆಗೆ ಹೋಗದೆ ಬಾಡಿಗೆ ಸೇವೆ ಪಡೆಯುವುದೇ ಲೇಸು.

ಒಂದು ಡೊಮೇನಿಗೆ ಬರುವ ಪತ್ರವನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕೆಂಬುದನ್ನು ಅದರ ಎಂ.ಎಕ್ಸ್. ದಾಖಲೆ ತಿಳಿಸುತ್ತದೆ. ಮೂರೂ ಡೊಮೇನ್‌ಗಳ ಎಂ.ಎಕ್ಸ್. ದಾಖಲೆಗಳು ಒಂದೇ ಸರ್ವರಿನ ಹೆಸರನ್ನು ತೋರಿಸಬಹುದು. ಪ್ರತಿ ಡೊಮೇನಿಗೂ ಪ್ರತ್ಯೇಕ ಐ.ಪಿ. ವಿಳಾಸ ಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಒಂದೇ ಐ.ಪಿ. ಸಾಕು. ಆದರೆ ಆ ಐ.ಪಿ.ಗೆ ಇಂಟರ್‌ನೆಟ್ ಸೇವಾದಾರರಿಂದ ಪಿ.ಟಿ.ಆರ್. ದಾಖಲೆ ಮಾಡಿಸಿ, ಅದರಲ್ಲಿರುವ ಹೆಸರೂ ಸರ್ವರಿನ ಹೆಸರೂ ತಾಳೆಯಾಗುವಂತೆ ನೋಡಿಕೊಳ್ಳಬೇಕು.

ಮೊದಲ ಎಡವಟ್ಟು ಪತ್ರ ಸ್ವೀಕರಿಸುವಲ್ಲಿಯೇ ಆಗುತ್ತದೆ. ವೀಟ್ಸೆ ವೆನೆಮಾ ಅವರು ಐ.ಬಿ.ಎಂ.ನಲ್ಲಿದ್ದಾಗ ರಚಿಸಿದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ 'ಮೈಡೆಸ್ಟಿನೇಷನ್' ಪಟ್ಟಿಯಲ್ಲಿ ಎಲ್ಲ ಡೊಮೇನ್‌ಗಳನ್ನೂ ಬರೆದುಬಿಟ್ಟರೆ, ವಿಳಾಸದಲ್ಲಿ ಆಟ್ ಚಿಹ್ನೆಯ ಎಡಭಾಗದ ಹೆಸರಷ್ಟೇ ಗಣನೆಗೆ ಬರುತ್ತದೆ. ಆಗ ಪಾಲುದಾರಿಕೆ ಸಂಸ್ಥೆಯ 'ಅಕೌಂಟ್ಸ್' ಮತ್ತು ಕಂಪನಿಯ 'ಅಕೌಂಟ್ಸ್' ಒಂದೇ ಪೆಟ್ಟಿಗೆಯಾಗುತ್ತವೆ. ಕಂಪನಿಯ ಹೆಸರಿಗೆ ಬಂದ ಬಿಲ್ಲನ್ನು ಗುಮಾಸ್ತರು ಪಾಲುದಾರಿಕೆ ಸಂಸ್ಥೆಯ ಖರೀದಿಗೆ ಬರೆದುಕೊಂಡರೆ, ತಿಂಗಳ ಕೊನೆಯಲ್ಲಿ ಜಿ.ಎಸ್.ಟಿ.ಆರ್.-2ಬಿ ತಾಳೆಯಾಗುವುದಿಲ್ಲ. ಮೂಲ ದೋಷ ಸರ್ವರಿನಲ್ಲಿದೆಯೆಂದು ಆಗ ಯಾರಿಗೂ ಹೊಳೆಯುವುದಿಲ್ಲ. ಡೊಮೇನ್‌ಗಳನ್ನು 'ವರ್ಚುವಲ್ ಮೇಲ್‌ಬಾಕ್ಸ್' ಪಟ್ಟಿಯಲ್ಲಿ ನಮೂದಿಸಿ, ಪೂರ್ತಿ ವಿಳಾಸವನ್ನೇ ಲಾಗಿನ್ ಹೆಸರನ್ನಾಗಿಸುವುದು ಇದಕ್ಕೆ ಪರಿಹಾರ. ಒಂದೇ ಡೊಮೇನ್ ಎರಡೂ ಪಟ್ಟಿಗಳಲ್ಲಿ ಇರತಕ್ಕದ್ದಲ್ಲ.

ಕಳುಹಿಸುವ ಬದಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯ. ಡೊಮೇನಿನ ಪರವಾಗಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂಬುದನ್ನು ಎಸ್.ಪಿ.ಎಫ್. ದಾಖಲೆ ಸಾರುತ್ತದೆ. ಡಿಕಿಮ್ ಎಂಬುದು ಪತ್ರಕ್ಕೆ ಸರ್ವರ್ ಹಾಕುವ ಡಿಜಿಟಲ್ ಸಹಿ. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಸ್ವೀಕರಿಸುವವರಿಗೆ ತಿಳಿಸುವುದು ಡಿಮಾರ್ಕ್. ಈ ಮೂರೂ ಡೊಮೇನಿಗೊಂದರಂತೆ ಇರಬೇಕು. ಮೊದಲ ಡೊಮೇನಿಗೆ ಮಾತ್ರ ಸಹಿಯ ಕೀಲಿ ಸಿದ್ಧಪಡಿಸಿ, ಉಳಿದ ಸಂಸ್ಥೆಗಳ ಪತ್ರಗಳಿಗೂ ಅದೇ ಸಹಿ ಹಾಕಿಸುವುದು ಒಂದು ಸಂಸ್ಥೆಯ ಚೆಕ್ಕಿಗೆ ಇನ್ನೊಂದು ಸಂಸ್ಥೆಯ ಪಾಲುದಾರರು ಸಹಿ ಮಾಡಿದಂತೆ. ಸಹಿ ಅಸಲಿಯೇ, ಆದರೆ ಕಳುಹಿಸಿದವರ ವಿಳಾಸದ ಡೊಮೇನಿಗೆ ಹೊಂದದ ಕಾರಣ ಡಿಮಾರ್ಕ್ ಅದನ್ನು ಮಾನ್ಯ ಮಾಡುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಪ್ರತಿಯೊಬ್ಬರಿಗೂ ಎಸ್.ಪಿ.ಎಫ್. ಅಥವಾ ಡಿಕಿಮ್ ಕಡ್ಡಾಯವಾಗಿದೆ. ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಕಳುಹಿಸುವವರಿಗೆ ಮೂರೂ ಬೇಕು. ಗ್ರಾಹಕರಿಗೆ ಕಳುಹಿಸಿದ ಬಿಲ್ಲು ಸ್ಪ್ಯಾಮ್ ಕಡತಕ್ಕೆ ಬಿದ್ದರೆ ಹಣ ಬರುವುದೂ ಅಷ್ಟೇ ತಡವಾಗುತ್ತದೆ.

ಗಡಿ ಎಷ್ಟು ಚೆನ್ನಾಗಿ ಹಾಕಿದರೂ ಐ.ಪಿ. ವಿಳಾಸದ ಒಳ್ಳೆಯ ಹೆಸರು, ಕೆಟ್ಟ ಹೆಸರು ಮೂವರಿಗೂ ಸೇರಿದ್ದು. ಒಂದು ಸಂಸ್ಥೆ ದೀಪಾವಳಿಯ ರಿಯಾಯಿತಿ ಪ್ರಚಾರವನ್ನು ಸಾವಿರಾರು ಅಪರಿಚಿತ ವಿಳಾಸಗಳಿಗೆ ಕಳುಹಿಸಿದರೆ, ಇನ್ನೊಂದು ಸಂಸ್ಥೆಯ ರಫ್ತು ಪತ್ರವ್ಯವಹಾರ ತಡೆಹಿಡಿಯಲ್ಪಡಬಹುದು. ಪ್ರಚಾರದ ಪತ್ರಗಳನ್ನು ಈ ಸರ್ವರಿನಿಂದ ಕಳುಹಿಸದಿರುವುದು ಕ್ಷೇಮ.

ಸರಬರಾಜುದಾರರ ಹೆಸರಿನಲ್ಲಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂಬ ಪತ್ರ ಬರುವ ವಂಚನೆ ವ್ಯಾಪಾರಸ್ಥರಿಗೆ ಹೊಸದಲ್ಲ. ಡಿಮಾರ್ಕ್ ಬಿಗಿಯಾಗಿದ್ದರೆ ಸಂಸ್ಥೆಯ ಡೊಮೇನನ್ನೇ ಬಳಸಿ ಮಾಡುವ ನಕಲು ಬಹುಮಟ್ಟಿಗೆ ನಿಲ್ಲುತ್ತದೆ. ಒಂದಕ್ಷರ ಬದಲಿಸಿ ನೋಂದಾಯಿಸಿದ ಹೆಸರಿನಿಂದ ಬಂದರೆ ನಿಲ್ಲದು. ಹಣ ಕಳುಹಿಸುವ ಮುನ್ನ ಹಳೆಯ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸಲೇಬೇಕು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ದೂರು ನೀಡಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವು ಕಂಪನಿಗಳಿಗೂ ಅನ್ವಯಿಸುತ್ತದೆ. ಸರ್ವರಿನ ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು, ನಿರ್ದಿಷ್ಟಪಡಿಸಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಡೊಮೇನ್ ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಇಂದೇ ಪರಿಶೀಲಿಸುವುದು ಒಳಿತು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿಯೇ ಉಳಿದಿರುವುದು ಅಪರೂಪವಲ್ಲ. ಪ್ರತಿ ಡೊಮೇನ್ ಆಯಾ ಸಂಸ್ಥೆಯ ಹೆಸರಿನಲ್ಲಿದ್ದು, ನವೀಕರಣದ ವೆಚ್ಚ ಅದರದೇ ಖಾತೆಗೆ ಬೀಳಬೇಕು. ಸರ್ವರಿನ ವೆಚ್ಚದ ವಿಷಯ ತುಸು ಬೇರೆ. ಕಂಪನಿಯು ಸರ್ವರನ್ನು ಕೊಂಡು ಉಳಿದೆರಡು ಸಂಸ್ಥೆಗಳಿಗೆ ಬಿಟ್ಟಿಯಾಗಿ ಬಳಸಲು ಕೊಟ್ಟರೂ, ಅವು 'ಸಂಬಂಧಿತ ವ್ಯಕ್ತಿ' ವ್ಯಾಖ್ಯೆಗೆ ಒಳಪಡುವುದಾದರೆ ಸಿ.ಜಿ.ಎಸ್.ಟಿ. ಕಾಯ್ದೆಯ ಅನುಸೂಚಿ 1ರಂತೆ ಅದು ಪೂರೈಕೆಯೇ. ಬಳಸುವ ಸಂಸ್ಥೆಗೆ ಪೂರ್ಣ ಇನ್‌ಪುಟ್ ತೆರಿಗೆ ಜಮೆ ದೊರೆಯುವಂತಿದ್ದರೆ, ನಿಯಮ 28ರಡಿ ಬಿಲ್ಲಿನಲ್ಲಿ ತೋರಿಸಿದ ಮೊತ್ತವನ್ನೇ ಮಾರುಕಟ್ಟೆ ಮೌಲ್ಯವೆಂದು ಪರಿಗಣಿಸಲಾಗುತ್ತದೆ. ಹಾಗಾಗಿ ವೆಚ್ಚವನ್ನು ಮೇಲ್‌ಬಾಕ್ಸ್‌ಗಳ ಸಂಖ್ಯೆಗೆ ಅನುಗುಣವಾಗಿ ಹಂಚಿ, ಪ್ರತಿ ಸಂಸ್ಥೆಯ ಹೆಸರಿಗೆ ತಿಂಗಳಿಗೊಂದು ಬಿಲ್ಲು ಮಾಡಿದರೆ ಸಾಕಾಗುತ್ತದೆ.